ನಿರ್ಣಾಯಕ ಪಥ (ಯೋಜನಾ ನಿರ್ವಹಣೆ)

'''ನಿರ್ಣಾಯಕ ಪಥ'''ವು ಒಂದು ಯೋಜನೆಯ ಪರಸ್ಪರ ಅವಲಂಬಿತ ಕಾರ್ಯಗಳ ಸರಣಿಗಳಲ್ಲಿ ಅತ್ಯಂತ ದೀರ್ಘವಾದುದು. ಯೋಜನೆಯ ಕನಿಷ್ಠ ಅವಧಿಯನ್ನು ಇದು ನಿರ್ಧರಿಸುತ್ತದೆ. ಈ ವಿಧಾನವನ್ನು 1957ರಲ್ಲಿ ಡ್ಯೂಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ರೂಪಿಸಿದರು.

== ಗುರುತಿಸುವ ವಿಧಾನಗಳು ==
* '''ಒಟ್ಟು ಬಿಡುವು''': ತಂತ್ರಾಂಶವು ಮುಮ್ಮುಖ ಗಣನೆಯಿಂದ ಪ್ರತಿ ಕಾರ್ಯದ ಅತಿ ಮುಂಚಿನ ದಿನಾಂಕವನ್ನೂ ಹಿಮ್ಮುಖ ಗಣನೆಯಿಂದ ಅತಿ ತಡವಾದ ದಿನಾಂಕವನ್ನೂ ಕಂಡುಹಿಡಿಯುತ್ತದೆ. ಇವೆರಡರ ಅಂತರವೇ ಬಿಡುವು. ಅದು ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾರ್ಯವು ನಿರ್ಣಾಯಕ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಈ ವಿಧಾನವನ್ನು ಅನುಸರಿಸುತ್ತದೆ.
* '''ಅತಿ ದೀರ್ಘ ಪಥ''': ಕೊನೆಯ ಕಾರ್ಯದಿಂದ ಹಿಂದಕ್ಕೆ, ದಿನಾಂಕವನ್ನು ನಿಯಂತ್ರಿಸುವ ಸಂಬಂಧಗಳನ್ನಷ್ಟೇ ಅನುಸರಿಸಲಾಗುತ್ತದೆ. ಪ್ರೈಮವೆರಾ ಪಿ6ರಲ್ಲಿ ಎರಡೂ ಆಯ್ಕೆಗಳಿವೆ.

== ಮಿತಿಗಳು ==
ನಡುವಿನ ಕಾರ್ಯಕ್ಕೆ ಗಡುವು ವಿಧಿಸಿದರೆ ಪಥದ ಹೊರಗಿನ ಕಾರ್ಯವೂ ನಿರ್ಣಾಯಕವೆಂದು ತೋರಬಹುದು. ಕಾರ್ಯಗಳ ಕ್ಯಾಲೆಂಡರ್‌ಗಳು ಭಿನ್ನವಾಗಿದ್ದರೆ ಪಥದಲ್ಲಿರುವ ಕಾರ್ಯಕ್ಕೂ ಬಿಡುವು ಕಾಣಿಸಬಹುದು. ಇಂತಹ ಸಂದರ್ಭಗಳಲ್ಲಿ ಎರಡನೆಯ ವಿಧಾನವು ಹೆಚ್ಚು ವಿಶ್ವಾಸಾರ್ಹ.