ಗಾಳದ ಕೋಲೂ ಅದರ ದಾರವೂ

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ತೊಡಕುಂಟು: ಕೈಯಲ್ಲಿ ಹಿಡಿದ ವಸ್ತುವನ್ನು ಕೇಳುಗರಿಗೆ ತೋರಿಸಲಾರ. ಆದುದರಿಂದ ಮಾತಿನಿಂದಲೇ ತೋರಿಸುತ್ತೇನೆ. ನನ್ನ ಮುಂದಿರುವುದು, ಎರಡು ತುಂಡುಗಳನ್ನು ಜೋಡಿಸಿದರೆ ಎಂಟೂವರೆ ಅಡಿ ಉದ್ದವಾಗುವ, ಜೇನುಬಣ್ಣದ ಒಂದು ಗಾಳದ ಕೋಲು. ಬಿದಿರಿನದಲ್ಲ, ಗಾಜನ್ನು ಕರಗಿಸಿ ಎಳೆದ ನಾರನ್ನು ಅಂಟಿನಿಂದ ಕೂಡಿಸಿ ಮಾಡಿದ ಫೈಬರ್‌ಗ್ಲಾಸಿನದು. ಹಿಡಿಯ ಮೇಲ್ಭಾಗದಲ್ಲಿ ಮಸುಕಾದ ಮೂರು ಇಂಗ್ಲಿಷ್ ಅಕ್ಷರಗಳಿವೆ: ಎಚ್, ಸಿ, ಎಚ್. ಈ ಮೂರಕ್ಷರದ ಅರ್ಥ ತಿಳಿಯಲು ಕನ್ನಡದ ಮೇಷ್ಟರಾದ ನನಗೆ ಸುಮಾರು ಐವತ್ತು ವರ್ಷ ಬೇಕಾಯಿತು.

ನಮ್ಮ ಊರು ಅಳ್ನಾವರ. ಬಯಲುಸೀಮೆ ಮುಗಿದು ಕಾಡು ತೊಡಗುವ ಅಂಚಿನಲ್ಲಿ, ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲು ಹಾದಿಯ ಮೇಲಿದೆ. ದಾಂಡೇಲಿಯ ಕವಲು ಒಡೆಯುವುದು ಇಲ್ಲಿಯೇ. ನನ್ನ ತಂದೆ ರೈಲ್ವೆಯಲ್ಲಿ ಸಣ್ಣ ಕೆಲಸದಲ್ಲಿದ್ದರು. 1950ರ ದಶಕದ ಕೊನೆಯಲ್ಲಿ, ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ತಲೆಯೆತ್ತಿದ ದಿನಗಳಲ್ಲಿ, ಅಲ್ಲಿಗೆ ಬಂದಿದ್ದ ವಿದೇಶೀ ಎಂಜಿನಿಯರರೊಬ್ಬರು ಊರಿಗೆ ಮರಳುವಾಗ ಸ್ನೇಹಕ್ಕಾಗಿ ಈ ಕೋಲನ್ನು ಅವರ ಕೈಗಿತ್ತರಂತೆ. ಬಿಡುವು ಸಿಕ್ಕಿದ ಭಾನುವಾರ ತಂದೆ ಕಾಳಿ ನದಿಗೆ ಹೋಗುತ್ತಿದ್ದರು. ಮೀನು ತಂದದ್ದಕ್ಕಿಂತ ಬರಿಗೈಯಲ್ಲಿ ಬಂದದ್ದೇ ಹೆಚ್ಚು. ಆದರೆ ಬರುವಾಗ ಮುಖ ಮಾತ್ರ ತಿಳಿಯಾಗಿರುತ್ತಿತ್ತು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಅಕೃತ್ಯವೆಸಗಿದೆ. ರೀಲಿನಲ್ಲಿದ್ದ ನುಣುಪಾದ ದಾರ ಬುಗುರಿಗೆ ಸುತ್ತಲು ಬಹಳ ಚೆನ್ನಾಗಿ ಕಂಡಿತು. ಆರು ಜನ ಗೆಳೆಯರಿಗೆ ಒಂದೊಂದು ಮಾರು ಕತ್ತರಿಸಿ ಹಂಚಿದೆ. ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ಭಾನುವಾರ ಹಿತ್ತಲಿನಲ್ಲಿ ನಿಂತು ಎರಡು ಬಾರಿ ಕೋಲು ಬೀಸಿ ನೋಡಿದರು. “ಇನ್ನ ಇದು ಒಗಿಯೂದಿಲ್ಲ” ಎಂದು ಅಟ್ಟದ ಮೇಲಿಟ್ಟರು. ಅವರು ತೀರಿಕೊಳ್ಳುವ ತನಕ ಅದು ಕೆಳಗಿಳಿಯಲಿಲ್ಲ.

ಗಾಳದ ಚರಿತ್ರೆ ಬರೆಯುವವರು ಮೀನಿನ ತೂಕವನ್ನು ಹೇಳುತ್ತಾರೆ, ಕೋಲಿನ ಅಂದವನ್ನು ಹೊಗಳುತ್ತಾರೆ. ದಾರದ ಮಾತು ಬರುವುದು ಕಡಿಮೆ. ಸವೆದು ಹೋಗುವ ವಸ್ತುವಿಗೆ ಚರಿತ್ರೆ ಕಡಿಮೆ. ಆದರೆ ನಮ್ಮ ಹಿರಿಯರು ಅದನ್ನು ಮರೆತಿರಲಿಲ್ಲ. ಕಲ್ಯಾಣ ಚಾಲುಕ್ಯರ ದೊರೆ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ, ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ಮತ್ಸ್ಯವಿನೋದ. ಮೀನಿನ ಬಗೆಗಳು, ಅವುಗಳಿಗೆ ಒಡ್ಡುವ ಆಹಾರ, ಕೋಲು, ಕೊಕ್ಕೆ, ದಾರ ಎಲ್ಲವೂ ಅಲ್ಲಿ ರಾಜನ ವಿನೋದಕ್ಕೆ ತಕ್ಕ ವಿವರದಿಂದ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ವಿದ್ವಾಂಸರ ಗಮನ ಸೆಳೆದರು. ನಮ್ಮ ನಾಡಿನ ಬೇಲಿಗಳಲ್ಲಿ ಬೆಳೆಯುವ ಎಕ್ಕದ ನಾರಿನಿಂದ ಗಾಳದ ದಾರವನ್ನೂ ಬಿಲ್ಲಿನ ಹೆದೆಯನ್ನೂ ಹೊಸೆಯುವುದು ಹಳೆಯ ರೂಢಿ. ಮೂರ್ವಾ ಎಂಬ ಗಿಡದ ನಾರಿನದಾದ್ದರಿಂದಲೇ ಹೆದೆಗೆ ಮೌರ್ವಿ ಎಂಬ ಹೆಸರು. ಹೆದೆಗೆ ‘ಗುಣ’ವೆಂಬ ಹೆಸರೂ ಉಂಟು. ದಾರಕ್ಕೂ ಸ್ವಭಾವಕ್ಕೂ ಒಂದೇ ಮಾತು ಸಲ್ಲುವುದು ಆಕಸ್ಮಿಕವಿರಲಾರದು.

ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ ಅಲ್ಲಿಯ ದಾರ ಕುದುರೆಯ ಬಾಲದ ಕೂದಲಿನದು. ಆಮೇಲೆ ಎಣ್ಣೆ ಕುಡಿಸಿದ ರೇಷ್ಮೆಯ ಹೆಣಿಗೆ ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನಮ್ಮ ಹೊಳೆಗಳ ಮಹಶೀರ್ ಮೀನನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಪುಸ್ತಕಗಳಲ್ಲಿ ಅದು ಮುಖ್ಯವಾದುದು. ಅವನ ಕಾಲಕ್ಕೆ ಒಳ್ಳೆಯ ದಾರವೆಂದರೆ ರೇಷ್ಮೆ. ಅದನ್ನು ಪ್ರತಿದಿನ ಒಣಗಿಸಬೇಕು, ಜಿಡ್ಡು ಸವರಬೇಕು, ಮರೆತರೆ ಕೊಳೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಎರೆಹುಳು ಚುಚ್ಚಿ ಸೀಸದ ಗುಂಡು ಕಟ್ಟಿ ಎಸೆಯುವ ಗಾಳದಲ್ಲಿ, ಗುಂಡು ಹಾರುತ್ತದೆ, ದಾರ ಹಿಂಬಾಲಿಸುತ್ತದೆ. ಗರಿ, ರೋಮಗಳಿಂದ ಕಟ್ಟಿದ ಕೃತಕ ನೊಣದ ಗಾಳದಲ್ಲಿ ಹಾಗಲ್ಲ. ನೊಣಕ್ಕೆ ತೂಕವೇ ಇಲ್ಲ. ಅಲ್ಲಿ ಎಸೆಯುವುದು ದಾರವನ್ನೇ. ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ, ಬಿಟ್ಟಾಗ ಚಿಮ್ಮುತ್ತದೆ. ಅದರಲ್ಲಿಯೂ ಕೆಲಸ ಮಾಡುವುದು ಮುಖ್ಯವಾಗಿ ಮೊದಲ 30 ಅಡಿ, ಅಂದರೆ ಸುಮಾರು 9 ಮೀಟರು. ನಾನು ಬುಗುರಿಗಾಗಿ ಕತ್ತರಿಸಿದ ಆರು ಮಾರು ಸರಿಯಾಗಿ ಅಷ್ಟೇ.

ರೇಷ್ಮೆಯ ಕಾಲದಲ್ಲಿ ದಾರವನ್ನು ದಪ್ಪದಿಂದ ಗುರುತಿಸುತ್ತಿದ್ದರು. ‘ಎ’ ಎಂದರೆ ಅಂಗುಲದ ಸಾವಿರದಲ್ಲಿ 60 ಪಾಲು. ಮುಂದಿನ ಪ್ರತಿ ಅಕ್ಷರಕ್ಕೂ 5 ಪಾಲು ಕಡಿಮೆ. ಹಾಗಾಗಿ ‘ಸಿ’ 50, ‘ಎಚ್’ 25. ಎಲ್ಲ ದಾರವೂ ರೇಷ್ಮೆಯದೇ ಆಗಿದ್ದಾಗ ದಪ್ಪ ಹೇಳಿದರೆ ತೂಕ ಹೇಳಿದಂತೆಯೇ. 1938ರಲ್ಲಿ ನೈಲಾನ್ ಬಂತು. ಯುದ್ಧದಲ್ಲಿ ಜಪಾನಿನ ರೇಷ್ಮೆ ಅಮೆರಿಕೆಗೆ ನಿಂತುಹೋಯಿತು. 1940ರ ದಶಕದ ಕೊನೆಯಲ್ಲಿ ಗಾಜುನಾರಿನ ಕೋಲು ಮಾರುಕಟ್ಟೆಗಿಳಿಯಿತು. ಅದನ್ನು ಮೊದಲಿಗೆ ತಂದವರಲ್ಲಿ ಒಂದು ಕಂಪನಿಯ ಹೆಸರು ಷೇಕ್ಸ್‌ಪಿಯರ್! ನಾಟಕಕಾರನಿಗೂ ಅದಕ್ಕೂ ನಂಟಿಲ್ಲ. ಸ್ಥಾಪಕನ ಹೆಸರೇ ವಿಲಿಯಂ ಷೇಕ್ಸ್‌ಪಿಯರ್. 1950ರ ದಶಕದ ಆರಂಭದಲ್ಲಿ ನೈಲಾನ್ ಹೆಣಿಗೆಗೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟ ದಾರವೂ ಬಂತು. ಅಲ್ಲಿಗೆ ಹಳೆಯ ಅಳತೆ ಕೆಟ್ಟಿತು. ನೈಲಾನ್ ರೇಷ್ಮೆಗಿಂತ ಹಗುರ. ಅಕ್ಷರ ಒಂದೇ, ತೂಕ ಬೇರೆ. ಕೊನೆಗೆ 1960ರ ದಶಕದ ಮೊದಲಲ್ಲಿ ಅಮೆರಿಕೆಯ ತಯಾರಕರು ಅಕ್ಷರ ಬಿಟ್ಟು ಅಂಕಿ ಹಿಡಿದರು. ಮೊದಲ 30 ಅಡಿ 160 ಗ್ರೇನ್, ಅಂದರೆ ಸುಮಾರು 10.4 ಗ್ರಾಂ, ತೂಗಿದರೆ ಅದು 6ನೆಯ ನಂಬರು. 185 ಗ್ರೇನ್ ಆದರೆ 7.

ನಿವೃತ್ತನಾದ ಮೇಲೆ ಅಟ್ಟದಿಂದ ಕೋಲನ್ನು ಇಳಿಸಿದಾಗ ಇದಾವುದೂ ನನಗೆ ಗೊತ್ತಿರಲಿಲ್ಲ. ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ಸ್ಕ್ರೂಗೇಜು ತಂದು ಉಳಿದ ದಾರದ ದಪ್ಪ ಅಳೆದೆ. ಅಷ್ಟೇ ದಪ್ಪದ ಹೊಸ ದಾರವನ್ನು ತರಿಸಿದೆ. ಬೀಸಿದರೆ ಕೋಲು ಬಾಗಲೇ ಇಲ್ಲ; ದಾರ ಕಾಲಬುಡದಲ್ಲಿ ರಾಶಿಯಾಗಿ ಬಿತ್ತು. ಈಗಿನ ತೇಲುವ ದಾರದ ಲೇಪದೊಳಗೆ ಸೂಕ್ಷ್ಮವಾದ ಪೊಳ್ಳು ಕಣಗಳಿರುತ್ತವೆ. ಅದೇ ದಪ್ಪಕ್ಕೆ ಅದು ಇನ್ನೂ ಹಗುರ. ಹಳೆಯ ಮಾತಿನ ಇಂದಿನ ಅರ್ಥವನ್ನು ಹಳಗನ್ನಡ ಪದ್ಯಕ್ಕೆ ಹಚ್ಚಿದ ವಿದ್ಯಾರ್ಥಿಗಳನ್ನು ನಾನು ಎಷ್ಟು ಬಾರಿ ಗದರಿಸಿಲ್ಲ! ಆ ತಪ್ಪನ್ನೇ ನಾನು ಮಾಡಿದ್ದೆ.

ಆಮೇಲೆ ಅಕ್ಷರಗಳ ಬೆನ್ನುಹತ್ತಿದೆ. ‘ಎಚ್‌ಸಿಎಚ್’ ರೇಷ್ಮೆಯದಾದರೆ ಸಾಮಾನ್ಯವಾಗಿ 7ಕ್ಕೆ, ನೈಲಾನಿನದಾದರೆ 6ಕ್ಕೆ ಸಮ. ಇದು ಯಾವುದು? ನಮ್ಮ ಕಡೆಯ ಬಟ್ಟೆ ವ್ಯಾಪಾರಿಗಳಿಗೆ ಗೊತ್ತಿರುವ ಪರೀಕ್ಷೆಯನ್ನೇ ಮಾಡಿದೆ: ಲೇಪ ಸುಲಿದು ಒಂದು ಎಳೆಯನ್ನು ದೀಪಕ್ಕೆ ಹಿಡಿದೆ. ರೇಷ್ಮೆಯಾಗಿದ್ದರೆ ಸುಟ್ಟ ಕೂದಲಿನ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ನೈಲಾನ್. ಬಳಿಕ ರೀಲಿನ ಒಳತುದಿಯಿಂದ 30 ಅಡಿ ಅಳೆದು ಸುರುಳಿ ಸುತ್ತಿ, ಅಕ್ಕಸಾಲಿಗರ ಅಂಗಡಿಗೆ ಒಯ್ದೆ. ಬಂಗಾರ ತೂಗುವ ತಕ್ಕಡಿಯಲ್ಲಿ ದಾರವನ್ನಿಡಲು ಅವರಿಗೆ ನಗು. ತೂಕ 10 ಗ್ರಾಮಿಗೆ ತುಸು ಮೇಲೆ. 6ನೆಯ ನಂಬರೆಂದು ತೀರ್ಮಾನವಾಯಿತು.

ತೂಗಿ ಮನೆಗೆ ಬಂದಮೇಲೆ ಆ ಮೂರಕ್ಷರವನ್ನು ಮತ್ತೊಮ್ಮೆ ಓದಿದೆ. ತೆಳು, ದಪ್ಪ, ತೆಳು. ಎಚ್, ಸಿ, ಎಚ್. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ. ನಮ್ಮ ಆಲಂಕಾರಿಕರು ಗತಪ್ರತ್ಯಾಗತ ಎಂದರಲ್ಲ, ಹಾಗೆ. ದಾರದ ಎರಡು ತುದಿಗಳೂ ಒಂದೇ ಬಗೆಯವು. ಒಂದು ಸವೆದರೆ ತಿರುಗಿಸಿ ಸುತ್ತಿ ಇನ್ನೊಂದನ್ನು ಬಳಸಲೆಂದೇ ಹಾಗೆ ಮಾಡಿದ್ದು. ನಾನು ಕತ್ತರಿಸಿದ್ದು ಹೊರತುದಿಯನ್ನು. ಒಳತುದಿ ರೀಲಿನಲ್ಲಿ ಇಡಿಯಾಗಿ ಉಳಿದಿತ್ತು. ದಾರವನ್ನು ತಿರುಗಿಸಿ ಸುತ್ತಿದ್ದರೆ ತಂದೆ ಮರುದಿನವೇ ಕಾಳಿಗೆ ಹೋಗಬಹುದಿತ್ತು. ಅರ್ಧ ಗಂಟೆಯ ಕೆಲಸ. ಕೋಲಿನ ಮೇಲೆಯೇ ಅದು ಬರೆದಿತ್ತು. ಓದಲು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆ ಸಂಜೆ ನಾನು ಊಟ ಮಾಡಲಿಲ್ಲ.

ಹೊಸದಾಗಿ 6ನೆಯ ನಂಬರಿನ, ಎರಡು ತುದಿಯೂ ಸಮವಾದ ದಾರ ತರಿಸಿದೆ. ಹುಲಿಕೇರಿಯ ಕೆರೆಯ ದಂಡೆಯಲ್ಲಿ, ಕೊಕ್ಕೆಯ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿ ಬೀಸುತ್ತೇನೆ. ಕೋಲು ನಿಧಾನವಾಗಿ ಬಾಗಿ ದಾರವನ್ನು ನೀರಿನ ಮೇಲೆ ಚಾಚುತ್ತದೆ. ಮೀನು ಹಿಡಿಯುವ ಆಸೆ ನನಗಿಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದರು. ಕಾವೇರಿಯ ಆ ಗೂನುಬೆನ್ನಿನ ಮಹಶೀರಿಗೆ ವಿಜ್ಞಾನಿಗಳು ಸರಿಯಾದ ಶಾಸ್ತ್ರೀಯ ಹೆಸರನ್ನು ನಿಶ್ಚಯಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ದಾರವನ್ನು ಬದಲಿಸಬಹುದು, ಮೀನನ್ನು ಹಾಗೆ ತರಿಸಿಕೊಳ್ಳಲಾಗದು.

ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥದೊಂದು ವಸ್ತು ಇದ್ದೀತು. ಗಾಳದ ಕೋಲೇ ಆಗಬೇಕೆಂದಿಲ್ಲ. ಅದು ಕೆಟ್ಟಿದೆಯೆಂದು ಎಸೆಯುವ ಮುನ್ನ, ಹೊಸದನ್ನು ಹಚ್ಚುವ ಮುನ್ನವೂ, ಅದರ ಮೇಲೆ ಏನು ಬರೆದಿದೆಯೆಂದು ಒಮ್ಮೆ ದೀಪ ಹಿಡಿದು ನೋಡಿರಿ. ಮನೆಯ ಹಿರಿಯರು ಇದ್ದರೆ ಅವರನ್ನು ಕೂರಿಸಿಕೊಂಡು ನೋಡಿರಿ. ನನಗೆ ಅದು ತಡವಾಯಿತು.