ಬಂಡೆಯ ಮೇಲೊಂದು ವೈಹಾಳಿ

ಕುದುರೆಯನ್ನೇರಿ, ಕಾರ್ಯವಿಲ್ಲದೆ, ಕೇವಲ ಸಂತೋಷಕ್ಕಾಗಿ ಸುತ್ತಿಬರುವುದಕ್ಕೆ ನಮ್ಮ ಹಳೆಯ ಕನ್ನಡದಲ್ಲಿ ‘ವೈಹಾಳಿ’ ಎಂಬ ಸೊಗಸಾದ ಮಾತೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ, ಅವು ಇಪ್ಪತ್ತಿಪ್ಪತ್ತರಂತೆ ಐದು ಭಾಗಗಳಾಗಿವೆ. ಅವುಗಳಲ್ಲಿ ನಾಲ್ಕನೆಯ ಭಾಗವೆಲ್ಲ ವಿನೋದಗಳಿಗೆ ಮೀಸಲು. ಆ ವಿನೋದಗಳ ನಡುವೆ ‘ವಾಜಿವಾಹ್ಯಾಲಿ ವಿನೋದ’ವೂ ಒಂದು. ರಾಜ್ಯಭಾರ, ಕೋಶ, ದಂಡು ಇವನ್ನೆಲ್ಲ ವಿವರಿಸಿದ ಅರಸನೇ ಕುದುರೆ ಸವಾರಿಯ ಆಟಕ್ಕೂ ಒಂದು ಶಾಸ್ತ್ರವುಂಟೆಂದು ಬಗೆದನಲ್ಲ, ಅದು ನನಗೆ ಬಹು ಮೆಚ್ಚಿಗೆಯಾದ ಸಂಗತಿ. ಇತ್ತ ಕನ್ನಡದಲ್ಲಿಯೇ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕುರಿತು ಗ್ರಂಥ ಬರೆದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ವಾಹನದ ದುರಸ್ತಿಯ ಕೈಪಿಡಿ!

ವಿಜಯನಗರಕ್ಕೆ ಬಂದರಂತೂ ಕುದುರೆಯೇ ರಾಜ್ಯದ ಉಸಿರು. ಅರಸನು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಹಂಪೆಯ ಹಜಾರ ರಾಮನ ಗುಡಿಯ ಹೊರಗೋಡೆಯಲ್ಲಿ ಕುದುರೆಗಳ ಸಾಲು ಇಂದಿಗೂ ನಡೆಯುತ್ತಿದೆ. ಕಂಪಿಲಿಯ ಕುಮಾರರಾಮನನ್ನು ಕುದುರೆಯಿಲ್ಲದೆ ನಮ್ಮ ಜನಪದರು ಕಲ್ಪಿಸಿಕೊಂಡದ್ದೇ ಇಲ್ಲ. ಹೀಗಿರುವಾಗ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಕಲ್ಲುನಾಡಿನಲ್ಲಿ ಹಳೆಯ ಮೋಟಾರ್ ಸೈಕಲ್ಲೊಂದನ್ನು ಬಂಡೆಯ ಮೇಲೆ ಹತ್ತಿಸುವ ಆಟ ಹುಟ್ಟಿದರೆ ಅದನ್ನು ಕೇವಲ ಪರದೇಶದ ಗೀಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಈ ಆಟಕ್ಕೆ ‘ಟ್ರಯಲ್’ ಎಂದು ಹೆಸರು. ಪತ್ರಿಕೆ ಓದುವ ನಮಗೆ ಆ ಶಬ್ದ ಕೇಳಿದೊಡನೆ ಕಟಕಟೆಯೂ ಕರಿಯ ನಿಲುವಂಗಿಯೂ ನೆನಪಾಗುತ್ತವೆ. ಇಲ್ಲಿ ವಿಚಾರಣೆಗೆ ಒಳಗಾಗುವುದು ಯಂತ್ರ ಮತ್ತು ಅದನ್ನು ಏರಿದವನ ಸಮತೋಲ. ಮೋಟಾರ್ ಸೈಕಲ್ಲು ಹೊಸದಾಗಿ ಬಂದ ಕಾಲದಲ್ಲಿ ಅದು ದಾರಿಯಲ್ಲಿ ಕೈಕೊಡದೆ ಊರು ಸೇರೀತೇ ಎಂಬುದೇ ದೊಡ್ಡ ಸಂದೇಹವಾಗಿತ್ತು. ಆ ಸಂದೇಹವನ್ನು ಪರಿಹರಿಸಲು ಏರ್ಪಡಿಸಿದ ಪರೀಕ್ಷೆಗಳೇ ಮುಂದೆ ಕ್ರೀಡೆಯಾದವು. ಅವುಗಳಲ್ಲಿ ಹೆಸರುವಾಸಿಯಾದ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್‌ನ ಬೇರು ೧೯೦೯ರಲ್ಲಿದೆ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಕಲ್ಲು, ಕೆಸರು, ಹಳ್ಳ, ದಿಣ್ಣೆಗಳಿಂದ ಕೂಡಿದ ಒಂದು ತುಂಡು ದಾರಿಯನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಊರಿದರೆ ಒಂದು ಅಂಕ, ಎರಡು ಬಾರಿಗೆ ಎರಡು, ಅದಕ್ಕೆ ಮೇಲ್ಪಟ್ಟು ಎಷ್ಟು ಊರಿದರೂ ಮೂರು, ಬಿದ್ದರೆ ಐದು. ಎಲ್ಲರಿಗಿಂತ ಕಡಮೆ ಅಂಕ ಪಡೆದವನೇ ಗೆದ್ದವನು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನ್ನಂಥವನಿಗೆ ಈ ಲೆಕ್ಕ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ದೇಶದ ರಸ್ತೆಗಳಲ್ಲಿ ‘ಡುಗುಡುಗು’ ಎಂದು ಹೋಗುವ ಬುಲೆಟ್ಟು ಈ ಪರೀಕ್ಷೆಗಳ ಕೂಸೇ ಎಂಬುದು ಬಹಳ ಮಂದಿಗೆ ತಿಳಿಯದು. ಹಿಂದಿನ ಚಕ್ರಕ್ಕೆ ಸ್ಪ್ರಿಂಗು ಇರಬಾರದು, ಇದ್ದರೆ ನೆಲದ ಹಿಡಿತ ತಪ್ಪುತ್ತದೆ ಎಂಬುದು ಆ ಕಾಲದ ಟ್ರಯಲ್ ಸವಾರರ ದೃಢವಾದ ನಂಬಿಕೆ. ರಾಯಲ್ ಎನ್‌ಫೀಲ್ಡಿನವರು ೧೯೪೮ರಲ್ಲಿ ಹಿಂಬದಿಗೂ ಸ್ಪ್ರಿಂಗು ಹಾಕಿದ ಹೊಸ ಬುಲೆಟ್ಟನ್ನು ಪಂದ್ಯಗಳಿಗೆ ಇಳಿಸಿದರು. ಅದೇ ವರ್ಷ ಇಟಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಪರೀಕ್ಷೆಯಲ್ಲಿ ಅದು ಚಿನ್ನದ ಪದಕ ತಂದಿತು. ಜಾನಿ ಬ್ರಿಟನ್ ಎಂಬ ಸವಾರ ೧೯೫೨ ಮತ್ತು ೧೯೫೭ರಲ್ಲಿ ಅದೇ ಕಂಪನಿಯ ವಾಹನದಲ್ಲಿ ಸ್ಕಾಟ್ಲೆಂಡಿನ ಪಂದ್ಯವನ್ನು ಗೆದ್ದ. ನಮ್ಮ ಸೈನ್ಯ ಗಡಿಗಾವಲಿಗೆ ಬುಲೆಟ್ಟನ್ನೇ ಆರಿಸಿಕೊಂಡಿತು. ೧೯೫೫ರಲ್ಲಿ ಮದರಾಸಿನಲ್ಲಿ ಕಂಪನಿ ಸ್ಥಾಪಿತವಾಯಿತು. ತಾಯಿಬೇರು ಇಂಗ್ಲೆಂಡಿನಲ್ಲಿ ಒಣಗಿದ ಮೇಲೂ ಮದರಾಸಿನ ಕೊಂಬೆ ಚಿಗುರುತ್ತಲೇ ಇತ್ತು. ೨೦೧೯ರಲ್ಲಿ ಅವರು ಬ್ರಿಟನ್ನನ ನೆನಪಿಗಾಗಿ ‘ಬುಲೆಟ್ ಟ್ರಯಲ್ಸ್’ ಎಂಬ ಮಾದರಿಯನ್ನೂ ಹೊರತಂದರು. ಅದು ಬಹುಕಾಲ ಬಾಳಲಿಲ್ಲ.

ಆದರೆ ಈ ಲೇಖನದ ನಾಯಕ ಬುಲೆಟ್ಟಲ್ಲ. ಅದು ನಮ್ಮ ಮೈಸೂರಿನ ಜಾವಾ. ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ ೧೯೨೯ರಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳನ್ನೂ ಸಂಧಿ ಮಾಡಿ ‘ಜಾವಾ’ ಎಂದು ಹೆಸರಿಟ್ಟ. (ಇದು ಲೋಪವೋ ಆಗಮವೋ ಎಂದು ಪಂಡಿತರು ಕೇಳಬಾರದು.) ೧೯೬೧ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾಯಿತು. ಇರಾನಿ ಮನೆತನದವರ ಸಾಹಸ ಅದು. ಜಯಚಾಮರಾಜ ಒಡೆಯರ ಪ್ರೋತ್ಸಾಹವೂ ಅದಕ್ಕಿತ್ತು. ೧೯೭೦ರ ದಶಕದ ನಡುವೆ ಜಾವಾ ಹೆಸರು ಹೋಗಿ ‘ಯೆಜ್ಡಿ’ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಹೆಸರೂ ೨೦೨೨ರಲ್ಲಿ ಯೆಜ್ಡಿ ಹೆಸರೂ ಬೇರೆ ಕಂಪನಿಯಿಂದ ಮತ್ತೆ ಬಂದವಾದರೂ ಆ ವಾಹನಗಳು ಬೇರೆ. ಯಾದವಗಿರಿಯ ಗಾಡಿಯ ಎರಡು ಹೊಗೆಕೊಳವೆಗಳ ಆ ‘ಟಪಟಪ’ ಬೇರೆ.

ಟ್ರಯಲ್ ಆಟಕ್ಕೆ ಜಾವಾ ಹೊಂದೀತೇ? ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ಎಂಬ ಮಹಾನಿಪುಣ ಬಹುಕಾಲ ೫೦೦ ಸಿಸಿಯ ಭಾರವಾದ ಏರಿಯಲ್ ವಾಹನದಲ್ಲಿ ಗೆಲ್ಲುತ್ತಿದ್ದವನು, ೧೯೬೪ರ ಕೊನೆಗೆ ಸ್ಪೇನಿನ ಬುಲ್ಟಾಕೋ ಕಂಪನಿಗೆ ಹೋಗಿ, ಹಗುರವಾದ ಎರಡು ಹೊಡೆತದ ಎಂಜಿನ್ನಿನ ವಾಹನವೊಂದನ್ನು ಮಾಡಿಸಿದ. ೧೯೬೫ರಲ್ಲಿ ಅದರ ಮೇಲೆ ಕುಳಿತು ಸ್ಕಾಟ್ಲೆಂಡನ್ನು ಗೆದ್ದ. ಅಲ್ಲಿಂದಾಚೆಗೆ ಎರಡು ಹೊಡೆತದ ಸಣ್ಣ ಎಂಜಿನ್ನಿಗೆ ಮಾನ ಬಂದಿತು. ನಮ್ಮ ಜಾವಾದ್ದೂ ೨೫೦ ಸಿಸಿಯ ಎರಡು ಹೊಡೆತದ ಎಂಜಿನ್ನೇ. ಆದರೆ ಬುಲ್ಟಾಕೋ ತೂಗುತ್ತಿದ್ದದ್ದು ನೂರು ಕಿಲೋಗ್ರಾಮಿಗೂ ಕಡಮೆ. ಜಾವಾ ಸುಮಾರು ನೂರ ಮೂವತ್ತು. ಆ ಮೂವತ್ತು ಕಿಲೋಗ್ರಾಮಿನಲ್ಲಿಯೇ ಕಷ್ಟವೆಲ್ಲ ಅಡಗಿದೆ.

ಹೊಸಪೇಟೆಯಲ್ಲಿ ವಾಹನ ದುರಸ್ತಿಯ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಷಟ್ಪದಿಯ ಮಾತ್ರೆಗಳನ್ನು ಎಂದೂ ಸರಿಯಾಗಿ ಎಣಿಸದವನು, ಚಕ್ರದ ಕಡ್ಡಿಗಳನ್ನು ಮಾತ್ರ ಕಿವಿಯಿಂದಲೇ ಶ್ರುತಿ ಮಾಡುತ್ತಾನೆ. ಅವನ ತಾತನದು ೧೯೬೦ರ ದಶಕದ ಕೊನೆಯ ಜಾವಾ. ಮುದುಕರು ತೀರಿಕೊಂಡ ಮೇಲೆ ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಅದನ್ನು ಹೊರಗೆಳೆದು, ಬಂಡೆ ಹತ್ತುವ ಗಾಡಿ ಮಾಡುವುದೆಂದು ಹೊರಟ. ಬಿಡುವಿದ್ದಾಗ ನಾನೂ ಹೋಗಿ ಕುಳಿತು ನೋಡುತ್ತಿದ್ದೆ.

ಮೊದಲು ಎಂಜಿನ್ನಿನ ಮುಂದಿನ ಹಲ್ಲುಗಾಲಿಯನ್ನು ಕಡಮೆ ಹಲ್ಲಿನದಕ್ಕೆ ಬದಲಿಸಿದ. ವೇಗ ಕುಗ್ಗಿ ಎಳೆತ ಹೆಚ್ಚಿತು. ಒಳಗಿನ ತಿರುಗುವ ಗಾಲಿಗೆ ತೂಕ ಕೂಡಿಸಿದ. ಇದರಿಂದ ಎಂಜಿನ್ನು ಎತ್ತಿನ ಗಾಡಿಯ ನಡಿಗೆಯಲ್ಲಿಯೂ ಆರದೆ ನಡೆಯುತ್ತದೆ. ಆರು ವೋಲ್ಟಿನ ಮಂದವಾದ ವಿದ್ಯುತ್ತನ್ನು ಹನ್ನೆರಡಕ್ಕೆ ಏರಿಸಿ, ಕಿಡಿ ಹೊತ್ತಿಸುವ ಹಳೆಯ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಸಾಧನವಿಟ್ಟ. ಇಂಥ ಹಳೆಯ ಗಾಡಿಯೊಂದು ಬೀದಿಯಲ್ಲಿ ಹೋದರೆ ಮೀಡಿಯಂ ವೇವ್ ರೇಡಿಯೋದಲ್ಲಿ ‘ಚಟಚಟ’ ಎಂಬ ಸದ್ದು ಬಂದು ಸಂಗೀತ ಕಚೇರಿ ಕೆಡುತ್ತಿದ್ದುದನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ಪ್ಲಗ್ಗಿನ ಟೋಪಿಯಲ್ಲಿ ತಡೆಯೊಂದನ್ನು ಸೇರಿಸಿ ಆ ಪಾಪವನ್ನೂ ಅವನು ಕಳೆದುಕೊಂಡ. ಇಂದಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುವುದರಿಂದ ಕಾರ್ಬುರೇಟರಿನ ಹಳೆಯ ರಬ್ಬರು ಉಬ್ಬಿ ಹಾಳಾಗುತ್ತದೆ. ಅದೆಲ್ಲವನ್ನೂ ಹೊಸದು ಮಾಡಿದ. ಕಂಪ್ಲಿಯ ಕಡೆಯ ಕಬ್ಬಿನ ಗದ್ದೆಗಳನ್ನು ನೋಡಿದಾಗ ‘ನನ್ನ ರಬ್ಬರು ತಿನ್ನೋದು ಇದೇ ನೋಡಿ ಸಾರ್’ ಎಂದು ನಗುತ್ತಾನೆ. ಟೈರಿನ ಗಾಳಿಯನ್ನು ಹತ್ತು ಪೌಂಡಿಗಿಂತ ಕೆಳಗಿಳಿಸಿದರೆ ಅದು ಕಲ್ಲನ್ನು ಹಸ್ತದಂತೆ ಹಿಡಿಯುತ್ತದೆ. ಆದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಬಾಯನ್ನೇ ಕಿತ್ತುಹಾಕದಂತೆ ಒಳಗೊಂದು ಬಿಗಿಮೊಳೆ ಬೇಕು.

ಇನ್ನು ಕಲಿಕೆ. ನಮ್ಮ ಸೀಮೆಯಲ್ಲಿ ಇದಕ್ಕೆ ಮೂರು ಪಾಠಶಾಲೆಗಳಿವೆ. ಹೊಸಪೇಟೆ-ಹಂಪೆಯ ಕಡೆಯ ಕಣಶಿಲೆಯ ಬಂಡೆ ಒಣಗಿದ್ದಾಗ ಒರಟು, ಟೈರನ್ನು ಬಿಡದು. ಅಲ್ಲಿ ಕಲಿಯಬೇಕಾದದ್ದು ಧೈರ್ಯವನ್ನು. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರಿನ ಕೆಂಪು ಗರಸು ಉರುಳುಗಲ್ಲಿನ ರಾಶಿ. ಅಲ್ಲಿ ಇಳಿಯುವುದೇ ಕಷ್ಟ. ಎರಡು ಹೊಡೆತದ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೆ, ಹೀಗಾಗಿ ಎಲ್ಲವೂ ಬೆರಳ ತುದಿಯ ಬ್ರೇಕಿನ ಮೇಲೆ. ಕಂಪ್ಲಿಯ ಕಡೆಯ ಎರೆಮಣ್ಣಿನ ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮುದ್ದೆಯಾಗಿ ಕುಳಿತು ಗಾಲಿಯನ್ನೇ ಕಟ್ಟಿಹಾಕುತ್ತದೆ. ಟ್ರಯಲ್ ಗಾಡಿಯ ಮಡ್‌ಗಾರ್ಡು ಅಷ್ಟೆತ್ತರದಲ್ಲಿ ಏಕಿರುತ್ತದೆಂದು ನನಗೆ ಅರ್ಥವಾದದ್ದು ಅಲ್ಲಿ.

ಸವಾರ ಆಸನದಲ್ಲಿ ಕೂರುವಂತಿಲ್ಲ; ಕಾಲಿಡುವ ಗೂಟಗಳ ಮೇಲೆ ನಿಂತು, ಮೊಣಕಾಲು ಸಡಿಲಿಸಿ, ಗಾಡಿಯನ್ನು ತನ್ನ ಕೆಳಗೆ ಅತ್ತಿತ್ತ ಓಲಾಡಲು ಬಿಡಬೇಕು. ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಎರಡು ಮಾರು ಆಚೆಗೆ. ಒಂದೇ ಬೆರಳಿನಿಂದ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಬೇಕು. ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಸಲಾಕೆ. ಗೇರನ್ನು ಒತ್ತಿದರೆ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತದೆ. ಪೇಟೆಯ ಸವಾರನಿಗೆ ಇದು ವರ. ಬಂಡೆಯ ನಡುವೆ ಬೂಟು ಅದಕ್ಕೆ ತಾಗಿದರೆ ಶಾಪ.

ಎಲ್ಲಿ ಕಲಿಯಬಾರದೆಂಬುದನ್ನು ನಾನು ಅವನಿಗೆ ಮೊದಲ ದಿನವೇ ಹೇಳಿದ್ದೆ. ಹಂಪೆಯ ಸ್ಮಾರಕಗಳ ಸುತ್ತಣ ರಕ್ಷಿತ ನೆಲದಲ್ಲಿ ಇಂಥ ಆಟಕ್ಕೆ ಎಡೆಯಿಲ್ಲ, ಇರಲೂ ಕೂಡದು. ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆ ೧೯೯೯ರಲ್ಲಿ ಅಪಾಯದ ಪಟ್ಟಿಗೆ ಬಿದ್ದದ್ದು ವಾಹನ ಸೇತುವೆಯ ಕಾರಣದಿಂದಲೇ. ೨೦೦೬ರಲ್ಲಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಆ ಸೇತುವೆಯೂ ೨೦೦೯ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಜೀವಗಳನ್ನು ತಿಂದಿತು. ೨೦೧೯ರಲ್ಲಿ ಕಂಬಗಳನ್ನು ಉರುಳಿಸಿದ ಯುವಕರ ನೆನಪು ಇನ್ನೂ ಹಸಿಯಾಗಿದೆ. ದರೋಜಿಯ ಕರಡಿಧಾಮದ ಬಂಡೆಗಳ ಬಳಿಯೂ ಈ ಸದ್ದು ಸಲ್ಲದು. ಪರಿಚಯದ ರೈತರೊಬ್ಬರ ಪಡುಬಿದ್ದ ಹೊಲದಲ್ಲಿ, ಅವರ ಒಪ್ಪಿಗೆ ಪಡೆದು ಅವನು ಕಲಿಯುತ್ತಿದ್ದಾನೆ.

ನಿಜವಾದ ತೊಡಕು ಬೇರೆಯ ಕಡೆಯಿಂದ ಬಂತು. ಮೊದಲ ನೋಂದಣಿಯಿಂದ ೫೦ ವರ್ಷ ದಾಟಿ, ಚಾಸಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ‘ವಿಂಟೇಜ್’ ಎಂಬ ಮನ್ನಣೆಯನ್ನೂ ಪ್ರತ್ಯೇಕ ಸಂಖ್ಯಾಫಲಕವನ್ನೂ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ತಂದಿತು. ಆದರೆ ಆ ಮನ್ನಣೆ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಾತನ ಜಾವಾಕ್ಕೆ ವಯಸ್ಸು ತುಂಬಿದೆ. ಚಾಸಿಯನ್ನು ಕೊಯ್ದರೆ ಮನ್ನಣೆ ತಪ್ಪುತ್ತದೆ; ಮೇಲಾಗಿ ನೋಂದಣಿಯ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯಿದೆಯೂ ಒಪ್ಪದು. ‘ಅವರು ಹ್ಯಾಂಗ ಬಿಟ್ಟು ಹೋಗ್ಯಾರೋ ಹಂಗ ಇರ್ಲಿ’ ಎಂದು ಅವನ ಅಜ್ಜಿ ಪಟ್ಟು ಹಿಡಿದಿದ್ದಾರೆ.

ನಾನು ಅವನಿಗೆ ವಿಠ್ಠಲ ಗುಡಿಯ ಕಲ್ಲಿನ ರಥದ ಮಾತು ಹೇಳಿದೆ. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಚಿತ್ರದಲ್ಲಿ ಅದರ ಮೇಲೊಂದು ಇಟ್ಟಿಗೆಯ ಶಿಖರವಿದೆ; ಈಗ ಅದಿಲ್ಲ. ಚಕ್ರಗಳು ಹಿಂದೆ ತಿರುಗುತ್ತಿದ್ದವೆಂದೂ, ಸವೆಯದಿರಲೆಂದು ಅವನ್ನು ಗಾರೆ ಹಾಕಿ ನಿಲ್ಲಿಸಿದರೆಂದೂ ಹೇಳುತ್ತಾರೆ. ೫೦ ರೂಪಾಯಿಯ ನೋಟಿನಲ್ಲಿ ನಾವು ನೋಡುವ ರಥ ಶಿಖರ ಕಳೆದುಕೊಂಡು, ನಿಂತುಹೋದ ರಥವೇ. ‘ಹಂಗಾದ್ರ ನಿಲ್ಲಿಸಿ ಉಳಿಸಬೇಕೋ, ಓಡಿಸಿ ಸವೆಸಬೇಕೋ ಸಾರ್?’ ಎಂದ. ನನ್ನ ಮಟ್ಟಿಗೆ, ಕಲ್ಲಿನ ರಥ ನಿಂತಿರತಕ್ಕದ್ದು, ಏಕೆಂದರೆ ಅದು ಎರಡನೆಯ ಬಾರಿ ಹುಟ್ಟದು. ಜಾವಾ ಓಡುವುದಕ್ಕೆಂದೇ ಹುಟ್ಟಿದ್ದು. ಆದರೂ ತಾತನ ಗಾಡಿಯೆಂಬ ಮಾತಿಗೆ ನನ್ನ ಬಳಿ ಉತ್ತರವಿಲ್ಲ.

ಸದ್ಯಕ್ಕೆ ಅವನು ಒಂದು ಕಟ್ಟುಪಾಡು ಹಾಕಿಕೊಂಡಿದ್ದಾನೆ: ಬಿಚ್ಚಿ ಮತ್ತೆ ಹಾಕಬಹುದಾದದ್ದನ್ನು ಮಾತ್ರ ಬದಲಿಸುವುದು. ತೆಗೆದ ಮೂಲ ಭಾಗಗಳಿಗೆಲ್ಲ ಎಣ್ಣೆ ಹಚ್ಚಿ, ಚೀಟಿ ಕಟ್ಟಿ, ತಾತನ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದಾನೆ. ಚೀಟಿಗಳ ಕಾಗುಣಿತ ತಿದ್ದಿದವನು ನಾನು. ಉಳಿದಿರುವುದು ಕಾಲಿಡುವ ಗೂಟಗಳ ಪ್ರಶ್ನೆ. ನಿಂತು ಸವಾರಿ ಮಾಡಲು ಅವು ಒಂದು ಗೇಣು ಹಿಂದಕ್ಕೆ ಹೋಗಬೇಕು. ಅದಕ್ಕೆ ಚಾಸಿಗೆ ಬೆಸುಗೆ ಹಾಕಲೇಬೇಕು. ಬೆಸುಗೆ ಬೇಡವೆಂದು ನಟ್ಟು-ಬೋಲ್ಟಿನಿಂದ ಬಿಗಿಯುವ ಉಕ್ಕಿನ ಪಟ್ಟಿಯೊಂದನ್ನು ಮಾಡಿದ್ದಾನೆ. ಬಂಡೆಯ ಏಟಿಗೆ ಅದು ಈವರೆಗೆ ಮೂರು ಬಾರಿ ಬಾಗಿದೆ. ಪ್ರತಿ ಬಾರಿಯೂ ನೆಟ್ಟಗೆ ಮಾಡಿ ಮತ್ತೆ ಕೂಡಿಸುತ್ತಾನೆ. ವೆಲ್ಡಿಂಗ್ ಯಂತ್ರ ಅಂಗಡಿಯ ಮೂಲೆಯಲ್ಲಿಯೇ ಇದೆ.