ಶಿರಸ್ತೇದಾರನ ಲೇಖನಿ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ದೇವಸ್ಥಾನದ ಅಂಗಳದಲ್ಲಿ ಹುಟ್ಟಿದ್ದಿರಬಹುದು. ಆದರೆ ಅದು ಹೆಚ್ಚಾಗಿ ಕಿವಿಗೆ ಬೀಳುವುದು ಕೋರ್ಟು ಕಚೇರಿಯ ಜಗುಲಿಯ ಮೇಲೆ. ತೀರ್ಪು ತನ್ನ ಕಡೆಗೇ ಆಗಿದ್ದರೂ ಅದರ ನಕಲು ಇನ್ನೂ ಕೈಗೆ ಬರದ ಕಕ್ಷಿದಾರ, ಎದುರಾಳಿಗೆ ಸಮನ್ಸು ಜಾರಿಯಾಗಲಿಲ್ಲವೆಂದು ಮೂರನೆಯ ಸಲ ವಾಯಿದೆ ಪಡೆದು ಊರಿಗೆ ಮರಳುವ ರೈತ, ಇಬ್ಬರೂ ಈ ಮಾತನ್ನು ಆಡಿಯೇ ಬಸ್ಸು ಹತ್ತುತ್ತಾರೆ. ಅವರ ಮಾತಿನ ‘ಪೂಜಾರಿ’ ಯಾರೆಂಬುದು ಎಲ್ಲರಿಗೂ ಗೊತ್ತು. ಅವನೇ ಕೋರ್ಟಿನ ಗುಮಾಸ್ತ.

ನ್ಯಾಯಾಂಗದ ಇತಿಹಾಸವನ್ನು ಬರೆದವರು ನ್ಯಾಯಾಧೀಶರ ಬಗ್ಗೆ ಬರೆದರು, ಹೆಸರಾಂತ ವಕೀಲರ ಬಗ್ಗೆ ಬರೆದರು. ನ್ಯಾಯಪೀಠದ ಕೆಳಗೆ, ಕಡತಗಳ ರಾಶಿಯ ಹಿಂದೆ ಕುಳಿತವನ ಬಗ್ಗೆ ಬರೆದವರು ಕಡಿಮೆ. ಆದರೆ ಸಾಮಾನ್ಯ ಮನುಷ್ಯ ನ್ಯಾಯಾಲಯದಲ್ಲಿ ಮೊದಲು ಕಾಣುವುದು ಅವನನ್ನೇ, ಕೊನೆಗೆ ಕಾಣುವುದೂ ಅವನನ್ನೇ.

ಕಾಲಿನಿಂದ ಅಳಿಸಿದ ಸಾಲು

ಈ ಹುದ್ದೆ ಬ್ರಿಟಿಷರು ತಂದದ್ದಲ್ಲ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಒಂಬತ್ತನೆಯ ಅಂಕದಲ್ಲಿ ಒಂದು ನ್ಯಾಯಸಭೆಯ ಚಿತ್ರವಿದೆ. ನ್ಯಾಯಾಧಿಕಾರಿಯ ಜೊತೆಗೆ ಒಬ್ಬ ಶ್ರೇಷ್ಠಿಯೂ ಒಬ್ಬ ಕಾಯಸ್ಥನೂ ಕುಳಿತಿರುತ್ತಾರೆ. ಕಾಯಸ್ಥ ಎಂದರೆ ಬರೆದುಕೊಳ್ಳುವವನು. ವಸಂತಸೇನೆಯ ಕೊಲೆಯಾಗಿದೆ ಎಂದು ದೂರು ಹೇಳಲು ಬಂದ ಶಕಾರ, ಯಾರೂ ಕೇಳದಿದ್ದರೂ ಅದನ್ನು ತಾನು ಮಾಡಲಿಲ್ಲವೆಂದು ಬಾಯಿಬಿಡುತ್ತಾನೆ. ನ್ಯಾಯಾಧಿಕಾರಿ ಆ ಮಾತನ್ನು ಬರೆದುಕೊಳ್ಳಲು ಹೇಳುತ್ತಾನೆ. ಕಾಯಸ್ಥ ಬರೆಯುತ್ತಾನೆ. ತಾನು ಸಿಕ್ಕಿಬಿದ್ದೆನೆಂದು ಅರಿತ ಶಕಾರ ಬರೆದದ್ದನ್ನು ಕಾಲಿನಿಂದ ಒರಸಿಹಾಕುತ್ತಾನೆ! ಅವನು ರಾಜನ ಮೈದುನ; ತಡೆಯುವವರು ಯಾರು? ಬರೆದದ್ದು ಉಳಿದರೆ ಬಡ ಚಾರುದತ್ತನ ಪ್ರಾಣ ಉಳಿದೀತು, ಅಳಿಸಿದರೆ ಇಲ್ಲ. ನ್ಯಾಯಾಲಯದ ಬರವಣಿಗೆಗೆ ಎಷ್ಟು ಬೆಲೆ ಎಂಬುದನ್ನು ನಾಟಕಕಾರ ಈ ಒಂದು ಕ್ರಿಯೆಯಲ್ಲಿ ತೋರಿಸಿಬಿಟ್ಟಿದ್ದಾನೆ.

ನಮ್ಮ ನಾಡಿನಲ್ಲೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದೂರನ್ನು ದಾಖಲು ಮಾಡುವ ವಿಧಾನವಿದೆ. ವಾದಿ ಹೇಳಿದ್ದನ್ನು ಪ್ರತಿವಾದಿಯ ಎದುರಿನಲ್ಲೇ ಬರೆಯಬೇಕು. ವರ್ಷ, ತಿಂಗಳು, ಪಕ್ಷ, ದಿನ, ಹೆಸರು ಮೊದಲಾದ ಗುರುತುಗಳು ಅದರಲ್ಲಿರಬೇಕು. ಇಂದಿನ ದಾವಾ ಅರ್ಜಿಯ ತಲೆಬರಹವೂ ಹೆಚ್ಚು ಕಡಿಮೆ ಇದೇ. ಎದುರು ಕಕ್ಷಿಗೆ ಕಾಣದಂತೆ ಏನನ್ನೂ ಬರೆಯಬಾರದೆಂಬ ತತ್ವವೂ ಇದರಲ್ಲೇ ಅಡಗಿದೆ.

ಎಳೆಯ ತುದಿ ಹಿಡಿದವನು

ಇಂದಿನ ಕೋರ್ಟಿನ ಭಾಷೆಯನ್ನು ಗಮನಿಸಿದರೆ ಅಲ್ಲಿ ಸಂಸ್ಕೃತಕ್ಕಿಂತ ಪಾರ್ಸಿ, ಅರಬ್ಬಿ ಮೂಲದ ಮಾತುಗಳೇ ಹೆಚ್ಚು. ಅರ್ಜಿ, ದಾವಾ, ಫಿರ್ಯಾದಿ, ವಕೀಲ, ಜಾಮೀನು, ಜಪ್ತಿ, ನಕಲು, ದಫ್ತರ ಇವೆಲ್ಲ ಸುಲ್ತಾನರ, ಮರಾಠರ, ಹೈದರ್-ಟಿಪ್ಪು ಕಾಲದ ಆಡಳಿತದ ಮೂಲಕ ಕನ್ನಡಕ್ಕೆ ಬಂದು ನಮ್ಮವೇ ಆಗಿಬಿಟ್ಟಿವೆ. ಈ ಮಾತುಗಳ ಮೂಲಾರ್ಥ ಸ್ವಾರಸ್ಯವಾಗಿದೆ. ‘ಗುಮಾಸ್ತ’ ಎಂದರೆ ನೇಮಕಗೊಂಡವನು. ‘ನಾಜರ್’ ಎಂದರೆ ಮೇಲ್ವಿಚಾರಕ. ‘ಮುನ್ಸಿಫ್’ ಎಂಬುದಕ್ಕೆ ಅರ್ಧ ಎಂಬ ಅರ್ಥದ ಅರಬ್ಬಿ ಧಾತುವೇ ಮೂಲ; ಸಮನಾಗಿ ಹಂಚುವವನು, ಅಂದರೆ ನ್ಯಾಯ ಮಾಡುವವನು. ಮನೆ ಜಪ್ತಿಗೆ ಬರುತ್ತಿದ್ದ, ಹೆಸರು ಕೇಳಿದರೇ ಹಳ್ಳಿ ನಡುಗುತ್ತಿದ್ದ ‘ಅಮೀನ’ನ ಹೆಸರಿಗೆ ಅರ್ಥ ‘ನಂಬಿಕಸ್ಥ’!

ಎಲ್ಲಕ್ಕಿಂತ ಚೆಲುವಾದದ್ದು ‘ಶಿರಸ್ತೇದಾರ’. ಅದರಲ್ಲಿರುವುದು ನಮ್ಮ ‘ಶಿರಸ್ಸು’ ಅಲ್ಲ, ಪಾರ್ಸಿಯ ‘ಸರ್‌ರಿಶ್ತಾ’. ರಿಶ್ತಾ ಎಂದರೆ ದಾರ, ಎಳೆ. ಸರ್ ಎಂದರೆ ತುದಿ. ದಾರದ ತುದಿ ಎಂಬ ಅರ್ಥದಿಂದ ಕಡತಗಳ ಕಚೇರಿ ಎಂಬ ಅರ್ಥ ಬೆಳೆಯಿತು. ಯಾವ ಕಾಗದ ಎಲ್ಲಿದೆ, ಯಾವುದಕ್ಕೆ ಯಾವುದು ಅಂಟಿಕೊಂಡಿದೆ ಎಂಬ ಎಳೆಯ ತುದಿ ಹಿಡಿದವನೇ ಶಿರಸ್ತೇದಾರ.

ದೊರೆಗೆ ತಿಳಿಯದ ಭಾಷೆ

ಈ ತುದಿ ಹಿಡಿದವನಿಗೆ ಅತಿಯಾದ ಅಧಿಕಾರ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಂದಾಯ ವಸೂಲಿಯ ಅಧಿಕಾರಿಯನ್ನೂ ನ್ಯಾಯಾಧೀಶನನ್ನೂ ಬೇರೆಮಾಡಿದ. ಮುಂದೆ ಇದೇ ಮಾದರಿ ಮದರಾಸು ಪ್ರಾಂತಕ್ಕೂ ಬಂತು. ಆದರೆ ಜಿಲ್ಲೆಯ ನ್ಯಾಯಪೀಠದಲ್ಲಿ ಕುಳಿತ ಇಂಗ್ಲಿಷ್ ದೊರೆಗೆ ಕಕ್ಷಿದಾರರ ಭಾಷೆ ಸರಿಯಾಗಿ ಬಾರದು. ಸಾಕ್ಷಿ ಹೇಳಿದ್ದನ್ನು ಬರೆಯುವವನು, ಬರೆದದ್ದನ್ನು ಓದಿ ಹೇಳುವವನು, ಹಳೆಯ ಕಾಗದ ಹುಡುಕಿ ಕೊಡುವವನು ಸ್ಥಳೀಯ ನೌಕರ. ದೊರೆ ಕೆಲವು ವರ್ಷಗಳಲ್ಲಿ ಬೇರೆ ಜಿಲ್ಲೆಗೆ ಹೋಗುತ್ತಿದ್ದ, ಶಿರಸ್ತೇದಾರ ಉಳಿಯುತ್ತಿದ್ದ. ತೀರ್ಪಿಗೆ ಸಹಿ ಒಬ್ಬರದು, ಅದರ ಹಿಂದಿನ ತಿಳಿವಳಿಕೆ ಇನ್ನೊಬ್ಬರದು ಎಂಬ ಸ್ಥಿತಿ ಬಂತು. ಲಂಚದ ಅವಕಾಶ ಹುಟ್ಟಿದ್ದೂ ಈ ಅಂತರದಲ್ಲೇ.

ಇದನ್ನು ಚೆನ್ನಾಗಿ ಅರಿತವನು ಥಾಮಸ್ ಮನ್ರೊ. ಕೆನರಾ ಜಿಲ್ಲೆಯಲ್ಲೂ ಬಳ್ಳಾರಿ ಸೇರಿದ ದತ್ತಮಂಡಲದಲ್ಲೂ ಕಲೆಕ್ಟರನಾಗಿ ದುಡಿದಿದ್ದ ಅವನ ಶಿಫಾರಸಿನಂತೆ 1816ರಲ್ಲಿ ಮದರಾಸು ಪ್ರಾಂತದಲ್ಲಿ ಹಳ್ಳಿಯ ಮುನ್ಸಿಫರು, ಜಿಲ್ಲಾ ಮುನ್ಸಿಫರು ಬಂದರು. ಜನರ ಭಾಷೆ ಬಲ್ಲ ಭಾರತೀಯನೇ ಸಣ್ಣ ದಾವೆಗಳನ್ನು ತೀರ್ಮಾನಿಸಲಿ ಎಂಬುದು ಇದರ ಉದ್ದೇಶ. 1837ರ ಕಾನೂನು ಬಂಗಾಳ ಪ್ರಾಂತದ ಕೋರ್ಟುಗಳಿಂದ ಪಾರ್ಸಿ ಭಾಷೆಯನ್ನು ಇಳಿಸಿ ಜನಭಾಷೆಗಳಿಗೆ ದಾರಿಮಾಡಿತು. ಭಾಷೆ ಹೋಯಿತು, ಪದಗಳು ಉಳಿದವು.

ಶಿರಸ್ತೇದಾರನ ಹುದ್ದೆ ಲಂಚದ ಕಥೆಯಷ್ಟೇ ಅಲ್ಲ. ಅದು ಬುದ್ಧಿವಂತರಿಗೆ ಏಣಿಯೂ ಆಗಿತ್ತು. ಮದರಾಸು ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ ಟಿ. ಮುತ್ತುಸ್ವಾಮಿ ಅಯ್ಯರ್ ಬಡತನದಿಂದಾಗಿ ಎಳವೆಯಲ್ಲೇ ಗ್ರಾಮ ಲೆಕ್ಕಿಗನ ಸಹಾಯಕನಾಗಿ ದುಡಿಮೆ ಆರಂಭಿಸಿದವರು. ನಮ್ಮ ಮೈಸೂರಿನ ಉದಾಹರಣೆ ಇನ್ನೂ ಹತ್ತಿರದ್ದು. 1868ರಲ್ಲಿ ಅಷ್ಟಗ್ರಾಮ ವಿಭಾಗಕ್ಕೆ ನ್ಯಾಯಾಂಗ ಶಿರಸ್ತೇದಾರರಾಗಿ ಬಂದ ಯುವಕನೊಬ್ಬ 1883ರಲ್ಲಿ ಸಂಸ್ಥಾನದ ದಿವಾನನಾಗಿ 1901ರವರೆಗೆ ಆಡಳಿತ ನಡೆಸಿದ. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕಾರಣರಾದ, ಬೆಂಗಳೂರಿನ ಒಂದು ಬಡಾವಣೆಗೆ ಹೆಸರಾದ ದಿವಾನರು ಮೈಸೂರಿನಲ್ಲಿ ಹಿಡಿದ ಮೊದಲ ಲೇಖನಿ ಕೋರ್ಟಿನ ಕಡತದ ಮೇಲಿನದು. ಅವರು ದಿವಾನರಾದ ಮರುವರ್ಷ, 1884ರಲ್ಲಿ, ಮೈಸೂರಿನ ಚೀಫ್ ಕೋರ್ಟು ಸ್ಥಾಪನೆಯಾಯಿತು. 1930ರಲ್ಲಿ ಅದು ಹೈಕೋರ್ಟಾಯಿತು.

ಮೂರು ಬರಹಗಳು

1859ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅನಂತರ ಇಂದಿಗೂ ಜಾರಿಯಲ್ಲಿರುವ 1908ರ ಸಂಹಿತೆ ಗುಮಾಸ್ತನ ಇಚ್ಛೆಗೆ ನಿಯಮದ ಬೇಲಿ ಹಾಕಿದವು. ಆದರೂ ಮೂರು ಕಡೆ ಅವನ ಬರಹ ಕಕ್ಷಿದಾರನ ಹಣೆಬರಹವಾಗಿಯೇ ಉಳಿದಿದೆ.

ಮೊದಲನೆಯದು ಸಮನ್ಸಿನ ಬೆನ್ನಿನ ಮೇಲಿನ ಷರಾ. ಸಮನ್ಸು ಒಯ್ದವನು ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ಜಾರಿ ಮಾಡಿದೆ, ಮನೆ ಗುರುತಿಸಿದವರು ಯಾರು ಎಂಬುದನ್ನು ಬರೆಯಬೇಕು. ಪ್ರತಿವಾದಿ ಸಿಗದಿದ್ದರೆ, ತೆಗೆದುಕೊಳ್ಳಲು ಒಪ್ಪದಿದ್ದರೆ ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಹಾಗೆಂದು ಬರೆಯಬಹುದು. ಈ ಷರಾ ಸುಳ್ಳಾದರೆ? ಮೊಕದ್ದಮೆ ಇರುವುದೇ ತಿಳಿಯದ ಮನುಷ್ಯನ ಮೇಲೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಜಮೀನು ಹರಾಜಿಗೆ ಬಂದಾಗಲೇ ಅವನಿಗೆ ವಿಷಯ ಗೊತ್ತಾಗುವುದು. ಇನ್ನೊಂದು ಸಂಗತಿಯುಂಟು. 1908ರ ಸಂಹಿತೆಯ ಮೂಲರೂಪದಲ್ಲಿ ಪ್ರತಿವಾದಿಯ ಬದಲು ಸಮನ್ಸು ಪಡೆಯುವ ಹಕ್ಕು ಮನೆಯ ವಯಸ್ಕ ಗಂಡಸಿಗೆ ಮಾತ್ರ ಇತ್ತು. ಹೆಂಡತಿಯೋ ತಾಯಿಯೋ ಬಾಗಿಲಲ್ಲಿ ನಿಂತಿದ್ದರೂ ಆ ಕಾಗದದ ಮಟ್ಟಿಗೆ ಮನೆ ಖಾಲಿ! ಗಂಡಾಗಲಿ ಹೆಣ್ಣಾಗಲಿ ಯಾವುದೇ ವಯಸ್ಕರು ಪಡೆಯಬಹುದೆಂದು ಸಂಹಿತೆ ಹೇಳಿದ್ದು 1976ರ ತಿದ್ದುಪಡಿಯಲ್ಲಿ.

ಎರಡನೆಯದು ಜಪ್ತಿಯ ಪಟ್ಟಿ. ಸಾಲಗಾರನ ಮನೆಗೆ ಹೋದ ಅಮೀನ ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯುವಂತಿಲ್ಲ. ಸಂಹಿತೆಯ 60ನೆಯ ಕಲಮಿನ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ಆಚಾರದಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ, ಕಸುಬುದಾರನ ಹತಾರ, ರೈತನ ಉಳುಮೆಯ ಸಲಕರಣೆ, ಅವನ ಜೀವನಕ್ಕೆ ಅಗತ್ಯವೆಂದು ಕೋರ್ಟು ಭಾವಿಸುವಷ್ಟು ದನ ಮತ್ತು ಬಿತ್ತನೆ ಬೀಜ ಇವಾವುವೂ ಜಪ್ತಿಗೆ ಸಲ್ಲವು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಕಾಲಿಡುವಂತೆಯೂ ಇಲ್ಲ. ಜಮೀನಿನ ಜಪ್ತಿಯಾದರೆ ತಮಟೆ ಬಾರಿಸಿ ಅಥವಾ ಊರಿನ ರೂಢಿಯಂತೆ ಸಾರಬೇಕು. ಇಷ್ಟೆಲ್ಲ ರಕ್ಷಣೆ ಪುಸ್ತಕದಲ್ಲಿದ್ದರೂ ಹಳ್ಳಿಯವನಿಗೆ ಪುಸ್ತಕ ತಿಳಿಯದು. ಅವನ ಪಾಲಿಗೆ ಕಾನೂನು ಎಂದರೆ ಅಮೀನ ಹೇಳಿದ್ದು.

ಮೂರನೆಯದು ನಕಲಿನ ಮೇಲಿನ ತಾರೀಖುಗಳು. ತೀರ್ಪಿನ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗೆ 90 ದಿನ ಅವಧಿ. ಆದರೆ 1963ರ ಪರಿಮಿತಿ ಕಾಯ್ದೆಯ 12ನೆಯ ಕಲಮಿನಂತೆ ನಕಲು ಪಡೆಯಲು ಬೇಕಾದ ದಿನಗಳನ್ನು ಈ ಲೆಕ್ಕದಿಂದ ಬಿಡಬೇಕು. ಅರ್ಜಿ ಕೊಟ್ಟದ್ದು ಎಂದು, ನಕಲು ಸಿದ್ಧವಾದದ್ದು ಎಂದು ಎಂಬುದನ್ನು ನಕಲು ಶಾಖೆಯ ಗುಮಾಸ್ತ ಆ ಕಾಗದದ ಮೇಲೆ ನಮೂದಿಸಿರುತ್ತಾನೆ. ಅಲ್ಲಿ ಒಂದು ಅಂಕಿ ತಪ್ಪಿದರೆ ಅವಧಿ ಮೀರಿದ ಅರ್ಜಿ ಬದುಕಬಹುದು, ಬದುಕಬೇಕಾದ ಅರ್ಜಿ ಸಾಯಬಹುದು.

ಕಂಪ್ಯೂಟರಿನ ಮುಂದೆ

ಇಂದು ತಾಲ್ಲೂಕು ಕೋರ್ಟಿನಲ್ಲಿ ಮುನ್ಸಿಫ್ ಎಂಬ ಹೆಸರು ಹೋಗಿ ಸಿವಿಲ್ ನ್ಯಾಯಾಧೀಶ ಎಂದಾಗಿದೆ. ಅಮೀನ ಬೇಲಿಫನಾಗಿದ್ದಾನೆ, ಗುಮಾಸ್ತ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕನಾಗಿದ್ದಾನೆ. ಶಿರಸ್ತೇದಾರ ಮಾತ್ರ ಹಳೆಯ ಹೆಸರಿನಲ್ಲೇ ಕುಳಿತಿದ್ದಾನೆ. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯಿಂದ ಪ್ರತಿ ಮೊಕದ್ದಮೆಗೂ 16 ಅಕ್ಷರ-ಅಂಕಿಗಳ ಗುರುತುಸಂಖ್ಯೆ ಬಂದಿದೆ; ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು. ಸಮನ್ಸು ಒಯ್ಯುವವನು ನಿಜವಾಗಿ ಆ ಮನೆಯ ಮುಂದೆ ನಿಂತಿದ್ದನೇ ಎಂಬುದನ್ನು ಅವನ ಕೈಯಲ್ಲಿರುವ ಉಪಕರಣ ಗುರುತಿಸುವ ವ್ಯವಸ್ಥೆಯೂ ಬಂದಿದೆ. ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿತು.

ಇದರಿಂದ ಲಾಭವಾಗಿದೆ. ‘ಕಡತ ಸಿಗುತ್ತಿಲ್ಲ’, ‘ನಾಳೆ ಬಾ’ ಎಂಬ ಮಾತುಗಳ ಬಲ ಕುಗ್ಗಿದೆ. ಆದರೆ ದೇಶದ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು 4 ಕೋಟಿಗೂ ಹೆಚ್ಚು. ಅವುಗಳಲ್ಲಿ ಪ್ರತಿಯೊಂದರ ಪ್ರತಿ ವಾಯಿದೆಯನ್ನೂ ಒಬ್ಬ ನೌಕರ ದಾಖಲಿಸಬೇಕು. ವಿಳಂಬದ ಮಾತು ಬಂದಾಗ ನ್ಯಾಯಾಧೀಶರ ಖಾಲಿ ಹುದ್ದೆಗಳನ್ನು ಎಣಿಸುತ್ತೇವೆ, ಸಿಬ್ಬಂದಿಯ ಖಾಲಿ ಕುರ್ಚಿಗಳನ್ನು ಎಣಿಸುವುದು ಅಪರೂಪ. ಬೆಳಿಗ್ಗೆ ಕರೆಪಟ್ಟಿ, ಮಧ್ಯಾಹ್ನ ಸಾಕ್ಷಿ, ಸಂಜೆ ನಾಳೆಯ ಕಡತಗಳ ಹೊಂದಿಕೆ, ಹೀಗೆ ದುಡಿಯುವ ಪ್ರಾಮಾಣಿಕ ನೌಕರನಿಗೂ ‘ಪೂಜಾರಿ’ಯ ಗಾದೆಯೇ ಗತಿ.

ಗಾದೆ ಸುಳ್ಳೆಂದು ಹೇಳಲಾಗದು. ಕೈ ಬಿಸಿಮಾಡದೆ ಕಾಗದ ಚಲಿಸದ ಅನುಭವ ಜನರಿಗೆ ಇದೆ. ಅದಕ್ಕೆ ಮದ್ದು ಕಂಪ್ಯೂಟರಿನಷ್ಟೇ ಕಕ್ಷಿದಾರನ ಎಚ್ಚರದಲ್ಲೂ ಇದೆ. ತೀರ್ಪಾದ ಕೂಡಲೇ ನಕಲಿಗೆ ಅರ್ಜಿ ಹಾಕಬೇಕು, ಏಕೆಂದರೆ ಅರ್ಜಿ ಹಾಕುವ ಮೊದಲು ಕಳೆದ ದಿನಗಳಿಗೆ ರಿಯಾಯಿತಿ ಇಲ್ಲ. ಕೈಗೆ ಬಂದ ನಕಲಿನ ಮೇಲಿನ ತಾರೀಖುಗಳನ್ನು ಅಲ್ಲೇ ನಿಂತು ಓದಬೇಕು. ಸಮನ್ಸು ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳದೆ ಪಡೆದು, ತಾನೇ ತಾರೀಖು ಹಾಕಿ ಸಹಿ ಮಾಡಬೇಕು. ತನ್ನ ಹೆಸರಿನಲ್ಲಿ ಏನು ಬರೆಯಲಾಗುತ್ತಿದೆ ಎಂದು ನೋಡುವ ಹಕ್ಕನ್ನು ಕಲ್ಯಾಣದ ಪಂಡಿತನೂ ಮಾನ್ಯ ಮಾಡಿದ್ದ, 1908ರ ಸಂಹಿತೆಯೂ ಮಾನ್ಯ ಮಾಡಿದೆ. ಆ ಹಕ್ಕನ್ನು ಕೇಳಲು ವಕೀಲನೇ ಬೇಕೆಂದಿಲ್ಲ, ಶಿರಸ್ತೇದಾರರ ಮೇಜಿನ ಮುಂದೆ ನಿಂತು ವಿನಯದಿಂದ ವಿಚಾರಿಸಿದರೂ ಆದೀತು.